ಮೆಟ್ಟಿಲಲ್ಲಿ ಆಡಿದ ಮಾತು

ಶಲಾಪಾ
ನವೆಂಬರ್ ೧೮, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಅಲ್ಲಿನ ಕಡಲ ಗಾಳಿಗೆ ನಿಮ್ಮ ಮೊಣಕಾಲು ಮತ್ತೆ ಹಿಡಿದುಕೊಂಡಿಲ್ಲ ತಾನೇ? ತಿಹುವಾನಾದಲ್ಲಿ ಟೋರ್ತಿಯಾ ರೊಟ್ಟಿಯನ್ನು ಮೈದಾದಲ್ಲಿ ಮಾಡುತ್ತಾರಂತೆ. ಅದು ನಿಮಗೆ ಒಗ್ಗುವುದಿಲ್ಲ. ಮೆಕ್ಕೆಜೋಳದ ಮಸಾ ಹಿಟ್ಟಿನದನ್ನೇ ಹುಡುಕಿ ತಿನ್ನಿ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಲಾರಿ ಓಡಿಸುವ ಎವಾರಿಸ್ತೊ ನಾಳೆ ನಿಮ್ಮ ಕಡೆ ಹೊರಡುತ್ತಾನೆ. ಇದನ್ನು ನಿಮ್ಮ ಕೈಗೇ ಕೊಡಬೇಕೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ನಾನು ಚೆನ್ನಾಗಿದ್ದೇನೆ. ಮದ್ರೀನಾ ಎರ್ಮೆಲಿಂದಾ ಅವರ ಆಫೀಸಿನ ಹಿಂದಿನ ಕೋಣೆಯಲ್ಲೇ ಇದ್ದೇನೆ, ಧರ್ಮತಾಯಿ ಅಂದಮೇಲೆ ಅದೂ ನನ್ನ ಮನೆಯೇ ತಾನೇ. ನೀವು ಹೋಗುವಾಗ ಇಲ್ಲಿ ನಕ್ಷೆ ಬರೆಯುವವರು ಇಬ್ಬರಿದ್ದರಲ್ಲ, ಅವರೂ ಹೊರಟುಹೋದರು. ಒಬ್ಬನಿಗೆ ಪುವೆಬ್ಲಾದಲ್ಲಿ ಕೆಲಸ ಸಿಕ್ಕಿತು, ಇನ್ನೊಬ್ಬನಿಗೆ ಎಲ್ಲಿ ಸಿಕ್ಕಿತೋ ಹೇಳಲಿಲ್ಲ. ಅವರ ಮೇಜುಗಳನ್ನು ನಾನು ಈಗಲೂ ದಿನಾ ಒರೆಸುತ್ತೇನೆ. ಮಧ್ಯಾಹ್ನಕ್ಕೇ ಮಂಜು ಇಳಿಯುತ್ತದೆ. ಎದುರಿನ ಬೀದಿ ಕಾಣುವುದಿಲ್ಲ, ಯಾರೋ ನಡೆದುಹೋಗುವ ಸದ್ದು ಮಾತ್ರ ಕೇಳುತ್ತದೆ. ಯಾರಾದರೂ ಬಾಗಿಲು ತಟ್ಟಿದರೆ ನನಗೆ ಸಂತೋಷವಾಗುತ್ತದೆ, ಆಮೇಲೆ ಕೋರ್ಟಿನವರಿರಬಹುದೆಂದು ಭಯವಾಗುತ್ತದೆ.

ಮದ್ರೀನಾ ನಕ್ಷೆ ಬರೆದು ನೀವು ಕಟ್ಟಿದ ಆ ಹೋಟೆಲಿನ ವಿಷಯ ನಿಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ನೀವು ಹೋದ ಮೇಲೆ ಮೂರನೇ ಮಹಡಿಯ ಭಾರಕ್ಕೆ ಪಕ್ಕದ ಮನೆಯ ಗೋಡೆಯ ಬಿರುಕು ದೊಡ್ಡದಾಯಿತು. ಆ ಮನೆಯ ದರ್ಜಿ ದೋನ್ಯಾ ಚೋಲೆ ಹೊಲಿಗೆ ಯಂತ್ರ ಹೊರಿಸಿಕೊಂಡು ತಂಗಿಯ ಮನೆಗೆ ಹೋದಳು. ಆಮೇಲೆ ಹೋಟೆಲಿನವರ ಮೇಲೂ ಮದ್ರೀನಾ ಮೇಲೂ ಕೇಸು ಹಾಕಿದಳು. ಹೋಟೆಲಿನ ಮಾಲೀಕ ದೋನ್ ಬಾಲ್ತಸಾರ್, ಮೂರನೇ ಮಹಡಿ ಮದ್ರೀನಾ ಒಪ್ಪಿಯೇ ಎದ್ದದ್ದು ಎನ್ನುತ್ತಾನೆ. ನಕ್ಷೆಯಲ್ಲಿ ಎರಡೇ ಮಹಡಿ ಇರುವುದು ನಿಜ. ಆದರೆ ಗಾರೆಯವರ ಹಬ್ಬ, ಪವಿತ್ರ ಶಿಲುಬೆಯ ದಿನ ನಿಮ್ಮ ಗಾರೆಯವರು ಹೂ ಕಟ್ಟಿದ ಶಿಲುಬೆಯನ್ನು ಮೇಲೆ ನಿಲ್ಲಿಸಿದಾಗ ಮದ್ರೀನಾ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದರಲ್ಲ, ಅದರಲ್ಲಿ ಹಿಂದೆ ಮೂರನೇ ಮಹಡಿಯ ಕಬ್ಬಿಣದ ಸರಳುಗಳು ಕಾಣುತ್ತವೆ. ಎಲ್ಲರೂ ಕರೆದರು, ಹಬ್ಬದ ದಿನ ಬೇಡವೆನ್ನಲಾಗದೆ ನಿಂತರು. ಈಗ ಅದೇ ಸಾಕ್ಷಿ. ಕೇಸು ಸೋತರೆ ನಕ್ಷೆಗೆ ಸಹಿ ಹಾಕುವ ಅವರ ಹಕ್ಕನ್ನೇ ತೆಗೆದುಹಾಕುತ್ತಾರೆ. ಸಹಿ ಇಲ್ಲದ ಮೇಲೆ ಆಫೀಸು ಯಾತಕ್ಕೆ?

ಮದ್ರೀನಾ ಪರ ವಕೀಲ ಉರ್ರುತಿಯಾ ಮಂಗಳವಾರ ಮಂಗಳವಾರ ಬರುತ್ತಾರೆ. ನಾನು ಕಾಫಿ ಕೊಟ್ಟು ಅಡುಗೆಮನೆಯಲ್ಲಿ ಕೂರುತ್ತೇನೆ, ಎಲ್ಲ ಕೇಳಿಸುತ್ತದೆ. ಮೊದಲ ದಿನವೇ ಅವರು ಕೇಳಿದ್ದು, "ಮೂರನೇ ಮಹಡಿ ನಿಲ್ಲಿಸಿ ಅಂತ ಬರೆದುಕೊಟ್ಟಿದ್ದೀರಾ?" ಮದ್ರೀನಾ, "ಬಾಯಲ್ಲಿ ಹೇಳ್ದೆ. ಮೇಸ್ತ್ರಿ ನನ್ನ ಕೊಂಪಾದ್ರೆ. ಅವನ ಮಗಳನ್ನ ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ನಾನು. ಅಂಥವನಿಗೆ ನೋಟೀಸು ಬರೆಯೋಕಾಗುತ್ತಾ? ಬರೆದಿದ್ರೆ ಮಾರನೇ ದಿನದಿಂದ ನನ್ನ ಜೊತೆ ಮಾತಾಡ್ತಿರ್ಲಿಲ್ಲ" ಎಂದರು. ವಕೀಲರು ಸಕ್ಕರೆ ಕಲಕುತ್ತಾ, "ಈಗ ಮಾತಾಡ್ತಿದ್ದಾನಾ?" ಎಂದರು.

ಮದ್ರೀನಾ ಎದ್ದು ಕಿಟಕಿ ಮುಚ್ಚಿದ ಸದ್ದು ಕೇಳಿತು, ಅಪ್ಪಾ.

ಆಮೇಲೆ ವಕೀಲರು ಶಾಲೆಯ ಮಾಸ್ತರರ ಹಾಗೆ ಪಾಠ ಮಾಡಿದರು. ನಕ್ಷೆ ಬರೆಯುವುದಕ್ಕೆ ಒಂದು ಕರಾರು, ಕೆಲಸ ನೋಡಿಕೊಳ್ಳುವುದಕ್ಕೆ ಇನ್ನೊಂದು ಇರಬೇಕಿತ್ತಂತೆ. ಒಂದು ಗೋಡೆ ಅತ್ತಿತ್ತ ಆದರೂ ಮಾಲೀಕನ ಸಹಿ ಬೇಕಿತ್ತಂತೆ. ತಪ್ಪಾದಾಗ ತಡೆದುಕೊಳ್ಳಲು ವಿಮೆ ಮಾಡಿಸಬೇಕಿತ್ತಂತೆ. "ನೀವು ಎಲ್ಲಾನೂ ನೆಂಟಸ್ತನದ ಮೇಲೆ ನಿಲ್ಲಿಸಿದ್ದೀರಿ ಆರ್ಕಿಟೆಕ್ಟ್, ನೆಂಟಸ್ತನಕ್ಕೆ ಯಾವ ಕಂಪನಿನೂ ವಿಮೆ ಕೊಡಲ್ಲ" ಎಂದು ನಕ್ಕರು. ಕೆಟ್ಟವರಲ್ಲ, ಹೋಗುವಾಗ ಕಾಫಿ ಚೆನ್ನಾಗಿತ್ತು ಎನ್ನುತ್ತಾರೆ. ಆದರೆ ನಿಮ್ಮ ಬಗ್ಗೆ ಅವರು ಹಾಗೆ ಕೇಳಿದ್ದು ನನಗೆ ಹಿಡಿಸಲಿಲ್ಲ. ದೋನ್ ಬಾಲ್ತಸಾರ್ ನಿಮಗೆ "ಪರವಾನಗಿ ಬರ್ತಾ ಇದೆ, ನೀನು ಕಟ್ಟು" ಎಂದಿದ್ದು, ಅಷ್ಟು ಜನ ಗಾರೆಯವರಿಗೆ ವಾರದ ಕೂಲಿ ಕೊಡುವ ಹೊಣೆ ನಿಮ್ಮ ತಲೆಯ ಮೇಲಿದ್ದದ್ದು, ಅವರಿಗೇನು ಗೊತ್ತು?

ಮದ್ರೀನಾ ಈಗ ತುಂಬಾ ಬದಲಾಗಿದ್ದಾರೆ. ನನಗೂ ಚೀಟಿ ಬರೆದುಕೊಡುತ್ತಾರೆ. "ಕಾಫಿಗೆ ದಾಲ್ಚಿನ್ನಿ ಹಾಕು", "ಕಿಟಕಿ ಮುಚ್ಚು", ಕೆಳಗೆ ಸಹಿ, ತಾರೀಖು. ಮೊದಲು ತಮಾಷೆ ಅಂದುಕೊಂಡೆ. ಈಗ ಬೆಳಗಿನಿಂದ ಸಂಜೆಯವರೆಗೆ ಒಂದೇ ಮನೆಯಲ್ಲಿ ನಾವಿಬ್ಬರೂ ಚೀಟಿಯಲ್ಲೇ ಇದ್ದೇವೆ. ಹೋದ ವಾರ ನಾನೂ ಒಂದು ಚೀಟಿ ಬರೆದು ಅವರ ಮೇಜಿನ ಮೇಲಿಟ್ಟೆ: "ಊಟ ಮಾಡಿ". ಅವರು ಓದಿ, ಅದಕ್ಕೆ 'ನೋಡಿದೆ' ಎಂದು ಬರೆದು ಸಹಿ ಹಾಕಿದರು. ಊಟ ಮಾಡಲಿಲ್ಲ.

ಸತ್ತವರ ಹಬ್ಬಕ್ಕೆ ಅಮ್ಮನ ಸಮಾಧಿಗೆ ನಾನೊಬ್ಬಳೇ ಹೋಗಿದ್ದೆ. ಚೆಂಡುಹೂವು ಒಯ್ದಿದ್ದೆ. ನಿಮ್ಮ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚಿದೆ. ಸುತ್ತ ಎಲ್ಲರೂ ಗುಂಪಾಗಿ ಕೂತು ತಿನ್ನುತ್ತಿದ್ದರು. ಪಕ್ಕದ ಸಮಾಧಿಯವರು ನನ್ನನ್ನು ಕರೆದು ಎಲೆಯಲ್ಲಿ ಸುತ್ತಿ ಬೇಯಿಸಿದ ಒಂದು ತಮಾಲೆ ಕೊಟ್ಟರು. ನಾಚಿಕೆಯಾಗಿ ಅರ್ಧ ತಿಂದು ಎದ್ದುಬಂದೆ.

ಆರೋಗ್ಯ ನೋಡಿಕೊಳ್ಳಿ. ಎತ್ತರದ ಕೆಲಸವನ್ನು ಹುಡುಗರಿಗೆ ಬಿಡಿ. ಗ್ವಾದಲೂಪೆ ತಾಯಿ ನಿಮ್ಮನ್ನು ಕಾಯಲಿ. ನಿಮ್ಮ ಕೈಗೆ ಮುತ್ತು ಕೊಡುವ,

ನಿಮ್ಮ ಮಗಳು
ಒತಿಲಿಯಾ

ಮರೆತ ಮಾತು: ಎವಾರಿಸ್ತೊ ಹಾರ್ನ್ ಹೊಡೆಯುತ್ತಿದ್ದಾನೆ, ನಾಳೆಯಲ್ಲ, ಈಗಲೇ ಹೊರಡುತ್ತಾನಂತೆ. ಶಿಲುಬೆಯ ದಿನ ನೀವು ಮತ್ತು ಮದ್ರೀನಾ ಮೆಟ್ಟಿಲಲ್ಲಿ ಮಾತಾಡುವಾಗ ನಾನು ತಿರುವಿನ ಕೆಳಗೆ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದೆ. ಅಡ್ಡ ಬರಬಾರದೆಂದು ಮೇಲೆ ಹತ್ತಲಿಲ್ಲ. "ಇದಕ್ಕೆ ನನ್ನ ಸಹಿ ಇಲ್ಲ ಕೊಂಪಾದ್ರೆ, ನಾಳೆಯಿಂದ ಯಾರೂ ಕೈ ಇಡ್ಬಾರ್ದು" ಎಂದು ಅವರು ಹೇಳಿದ್ದು ಕೇಳಿದೆ. "ಆಯ್ತು ಕೊಮಾದ್ರೆ, ಮೊದ್ಲು ಕುರಿಮಾಂಸ ಬಿಸಿ ಇರುವಾಗ್ಲೇ ತಿನ್ನಿ, ಕಬ್ಬಿಣ ಎಲ್ಲಿಗೂ ಓಡಿಹೋಗಲ್ಲ" ಎಂದು ನೀವು ಹೇಳಿದ್ದೂ ಕೇಳಿದೆ. ಅಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಮದ್ರೀನಾ ಈಗಲೂ ನಂಬಿದ್ದಾರೆ. ಇವತ್ತು ಹೊರಡುತ್ತಿದ್ದ ವಕೀಲರಿಗೆ ಬಾಗಿಲ ಹತ್ತಿರ ಇದನ್ನು ಹೇಳಿಬಿಟ್ಟೆ. ಡಿಸೆಂಬರ್ ನಾಲ್ಕನೇ ತಾರೀಖು, ಗುರುವಾರ, ನ್ಯಾಯಾಧೀಶರ ಮುಂದೆ ಹೇಳುತ್ತೀಯಾ ಎಂದು ಕೇಳಿದರು. ಹೂಂ ಎಂದೆ. ಮದ್ರೀನಾ ಆ ಮಾತನ್ನು ಯಾರಿಗೆ ಹೇಳಿದರು ಎಂದು ಅಲ್ಲಿ ಕೇಳಿಯೇ ಕೇಳುತ್ತಾರಂತೆ. ನಾನು ಸುಳ್ಳು ಹೇಳುವುದಿಲ್ಲ. ಅದಕ್ಕೆ ಮುಂಚೆ ನೀವೇ ಬಂದು ಹೇಳಿಬಿಡಿ, ಅಪ್ಪಾ. ಅಲ್ಲಿ ನಿಮ್ಮ ಹೆಸರು ಮೊದಲು ನನ್ನ ಬಾಯಿಂದ ಬರುವುದು ಬೇಡ.