ಸ್ನೋಮೊಬೈಲ್ ಬಿಚ್ಚಿ ನೋಡಿದೆ

ಪ್ರೀತಿಯ ಇಂದು, ನಾನು ಆಫೀಸಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಅನ್ನ, ಸಾರು ಮಾಡಿಟ್ಟಿದ್ದೀನಿ. ಪ್ಲಾಸ್ಟರ್ ಹಾಕಿರೋ ಕೈಯಲ್ಲಿ ಕುಕ್ಕರ್ ಎತ್ತೋಕೆ ಹೋಗಬೇಡ.

ನಿನ್ನೆ ಆ ಹಿಮದ ಗಾಡಿ, ಸ್ನೋಮೊಬೈಲ್ ಬಿಚ್ಚಿದೆ. ಅಡಿಯ ರಬ್ಬರ್ ಪಟ್ಟಿ, ಅದೇ ಟ್ರ್ಯಾಕ್, ಅದನ್ನ ಎಳೆಯೋ ಚಕ್ರಗಳ ಹಲ್ಲು ಪೂರ್ತಿ ಸವೆದುಹೋಗಿತ್ತು. ಅವತ್ತು ಡೀಪ್ ಕ್ರೀಕ್‌ನಲ್ಲಿ ಹಿಮದ ದಿಬ್ಬ ಹತ್ತುವಾಗ ನೀನು ಹಿಂದೆ ಕೂತು, "ಏನೋ ಕಟಕಟ ಅಂತಿದೆ, ನಿಲ್ಸಿ" ಅಂದೆ. "ಸೆಕೆಂಡ್‌ಹ್ಯಾಂಡ್ ಗಾಡಿ, ಹಾಗೇ ಕಣೇ" ಅಂತ ನಾನು ನಕ್ಕೆ. ಮರುಕ್ಷಣ ಟ್ರ್ಯಾಕ್ ಜಾರಿ ಗಾಡಿ ಜಗ್ಗಿತು, ನೀನು ಬಿದ್ದೆ. ತಪ್ಪು ನಂದೇ.

ಹೊಸ ಹಲ್ಲುಚಕ್ರ ಹಾಕಿದ್ದೀನಿ. ಗಾಡಿ ಇಟ್ಕೊಳ್ಳೋದೋ ಮಾರೋದೋ, ನೀನೇ ಹೇಳು.

ನಿಮ್ಮಮ್ಮನಿಗೆ ಮೆಟ್ಟಿಲ ಮೇಲೆ ಜಾರಿದೆ ಅಂತ ಹೇಳಿದ್ದೀಯಂತೆ. ನನ್ನ ಮಾನ ಉಳಿಸೋಕೆ ನೀನು ಸುಳ್ಳು ಹೇಳೋದು ಬೇಡ. ಆಫೀಸ್ ತಲುಪಿದ ಕೂಡಲೇ ಅವರಿಗೆ ಫೋನ್ ಮಾಡಿ ನಡೆದಿದ್ದು ಹೇಳ್ತೀನಿ. ಬೈದರೆ ಬೈಯಲಿ.

ಶೇಷು