ಬೂದಿನೀರು

ದರೋಜಿ,
ಜೂನ್ ೧೬, ೨೦೨೪

ಪ್ರೀತಿಯ ಅವ್ವಾ,

ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ: ನನಗೆ ಮೀನು ಸೇರುವುದಿಲ್ಲ. ನೀನು ಬಡಿಸಿದ ತುಂಡುಗಳೆಲ್ಲ ಬೆಕ್ಕಿನ ಹೊಟ್ಟೆ ಸೇರಿವೆ. ನಿನ್ನ ಮೊಣಕಾಲು ಹೇಗಿದೆ? ಕಂಪ್ಲಿಯಲ್ಲಿ ಚಿಕ್ಕಮ್ಮ ನಿನ್ನನ್ನು ಕೂರಲು ಬಿಡುತ್ತಾಳೋ, ಅಲ್ಲೂ ನೀನೇ ರೊಟ್ಟಿ ಬಡಿಯುತ್ತಿದ್ದೀಯೋ? ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈ ಇದು.

ಗುಡ್ಡ ಉರಿದಾಗ ನಿನ್ನ ಮೀನಿನ ಹೊಂಡಕ್ಕೆ ಒಂದು ಕಿಡಿಯೂ ತಾಗಿರಲಿಲ್ಲ. ಅದನ್ನು ಕೆಡಿಸಿದ್ದು ದೊಡ್ಡಪ್ಪನ ಬುದ್ಧಿ. ಮೊದಲ ಮಳೆಗೆ ಗುಡ್ಡದಿಂದ ಕರಿನೀರು ಇಳಿದಾಗ ಹೊಂಡಕ್ಕೆ ಬರುವ ಕಾಲುವೆಯ ಬಾಯಿ ತೆರೆದವನು ಅವನೇ. “ಬೂದಿ ಅಂದ್ರ ಗೊಬ್ಬರಲೇ, ಹೊಲಕ್ಕ ಹಾಕಂಗಿಲ್ಲೇನು? ಮೀನು ಕುರಿಯಂಗ ಕೊಬ್ಬತಾವ ನೋಡು” ಎಂದಿದ್ದ. ಬೆಳಗಾದರೆ ಕಾಟ್ಲಾ, ರೋಹು ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವನ ಅದೇ ಬಾಯಿ ಊರವರ ಮುಂದೆ “ಆಕಿ ಕೈಗುಣ ಸರಿ ಇಲ್ಲ” ಎಂದಿತು. ನೀನು ಸೀರೆ ಗಂಟು ಕಟ್ಟಿ ಹೊರಟೆ. ಅಣ್ಣನ ಎದುರು ಉಸಿರೆತ್ತದ ಅಪ್ಪ ಬೀಡಿಕಟ್ಟು ಹುಡುಕುತ್ತ ನಿಂತ.

ಆಮೇಲೆ ಮೋಟರ್ ಇಟ್ಟು ಕರಿನೀರನ್ನೆಲ್ಲ ಹೊರಹಾಕಿದೆ. ತಳದ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ದೊಡ್ಡಪ್ಪನ ಹೊಲಕ್ಕೇ ಸುರಿದೆ, ಗೊಬ್ಬರವಂತೆ, ಅಲ್ಲೇ ಇರಲಿ. ಸುಣ್ಣ ಎರಚಿ ಬೋರಿನ ನೀರು ತುಂಬಿದೆ. ಆ ಮಹಾನುಭಾವ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು “ಇನ್ನೂ ಆಳಕ್ಕ ಕೆರಿಲೇ” ಎನ್ನುತ್ತಿದ್ದ. ದೃಷ್ಟಿ ತಾಗಿದೆಯೆಂದು ಮೋಟರ್ ಕೋಣೆಗೆ ಕುಂಬಳಕಾಯಿಯನ್ನೂ ಕಟ್ಟಿದ. ಅದು ಕೊಳೆತು ಅವನ ಹೆಗಲ ಮೇಲೇ ಬಿತ್ತು. ಈ ವರ್ಷ ನಮ್ಮ ಮನೆಯಲ್ಲಿ ನಡೆದ ನ್ಯಾಯ ಅದೊಂದೇ.

ಮೊದಲು ಸೊಳ್ಳೆಪರದೆಯ ಚೀಲದಲ್ಲಿ ನಾಲ್ಕಾರು ಮರಿ ಇಳಿಬಿಟ್ಟು ನೋಡಿದೆ. ಸತ್ತವು. ನೀರು ಬದಲಿಸಿದೆ. ಮುಂದಿನವು ಬದುಕಿದವು. ಈಗ ಹೊಂಡದ ತುಂಬ ಮರಿಗಳಿವೆ. ಸಂಜೆ ತೌಡು ಎರಚಿದರೆ ನೀರು ಕುದಿಯುವಂತೆ ಏಳುತ್ತದೆ. ದೊಡ್ಡಪ್ಪ ಬಂದವರಿಗೆಲ್ಲ “ನಾನ ಉಳಿಸಿದ್ದು” ಎನ್ನುತ್ತಾನೆ. ಹೇಳಿಕೊಳ್ಳಲಿ. ಮೀನು ತಿನ್ನದವನಿಗೆ ಈ ಉಸಾಬರಿ ಏಕೆ ಎಂದು ನೀನೂ ಕೇಳಬೇಡ. ನಿನ್ನ ಕೈಗುಣದ ಮಾತು ನನಗೆ ನುಂಗಲಾಗಲಿಲ್ಲ, ಅಷ್ಟೇ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ಮಗ,
ಲಿಂಗರಾಜ

ತಾ.ಕ.: ಕಾಲುವೆಯ ಬಾಯಿಗೆ ಕಲ್ಲು, ಮಣ್ಣು ಜಡಿದಿದ್ದೇನೆ. ಗುಡ್ಡದಲ್ಲಿ ಇನ್ನೂ ಬೂದಿಯಿದೆ, ಮೋಡವೂ ಕಟ್ಟುತ್ತಿದೆ. ನಿನ್ನೆ ದೊಡ್ಡಪ್ಪ ಗುದ್ದಲಿ ಹಿಡಿದು ಅಲ್ಲೇ ಸುಳಿದಾಡಿದ. ನನ್ನನ್ನು ಕಂಡು ಹಿಂದೆ ಸರಿದ. ಅಪ್ಪ ತಡೆಯುವವನಲ್ಲ. ನೀನೇ ಬರಬೇಕು, ಹೊಂಡ ಕಾಯಲು ನಾನೂ ಇರುವುದಿಲ್ಲ. ಮರಿಯಮ್ಮನಹಳ್ಳಿಯ ಲಾರಿಯೊಂದಕ್ಕೆ ಕ್ಲೀನರ್ ಆಗಲು ಒಪ್ಪಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.