ತವರಿನ ಗೋಡುಮಣ್ಣು

ದುದ್ದ
೧೨-೩-೨೦೦೬

ರಾಗಿ ಪರೀಕ್ಷೆ ಮಾಡೋ ಲ್ಯಾಬಿನ ಸಾಹೇಬ್ರಿಗೆ ದುದ್ದದ ಚಿಕ್ಕಲಕ್ಷ್ಮಮ್ಮನ ನಮಸ್ಕಾರ.

ದುದ್ದದ್ದು ಅಂತ ಬರೆಸಿ ನಾನು ಪರೀಕ್ಷೆಗೆ ಕೊಟ್ಟ ನಮ್ಮ ಹೊಲದ ರಾಗೀನ ಮಿಷನ್ನಿಗೆ ಹಾಕಿ, ಅದರೊಳಗಿನ ಮಣ್ಣಿನ ಸತ್ವ ನೋಡಿ, "ಇದು ದುದ್ದದ್ದಲ್ಲ, ಸಾಲಗಾಮೆದು. ಸುಳ್ಳು ಹೇಳಿ ಕೊಟ್ಟಿದ್ದೀರಿ" ಅಂತ ಕಾಗದ ಹಾಕಿದ್ದೀರಿ. ಓದಿ ಮೈಯೆಲ್ಲಾ ಉರಿದೋಯ್ತು ಸಾ. ಬಿತ್ತಿದವಳು ನಾನು, ಕುಯ್ದವಳು ನಾನು.

ಆಮೇಲೆ ಹೊಲದ ಬದುವಿನ ಮೇಲೆ ಕೂತಾಗ ಹೊಳೀತು. ನನ್ನ ತವರು ಸಾಲಗಾಮೆ. ಮದುವೇಲಿ ನಮ್ಮಪ್ಪ ಒಡವೆ ಹಾಕಲಿಲ್ಲ. ಮಗಳು ಸೇರೋ ಹೊಲ ಬರೀ ನೊರಜುಗಲ್ಲು ಅಂತ, ಸಾಲಗಾಮೆ ಕೆರೆ ಗೋಡುಮಣ್ಣನ್ನ ಗಾಡಿಗಟ್ಟಲೆ ಹೊಡೆಸಿದರು. ಅಪ್ಪ ಹೋದ ಮೇಲೂ ನನ್ನ ತಮ್ಮ ರಂಗಸ್ವಾಮಿ ಪ್ರತಿ ಬೇಸಿಗೆಗೂ ಸೀರೆ ತರಲ್ಲ, ಗೋಡು ತಂದು ಸುರೀತಾನೆ. ಮದುವೆಯಿಂದ ಇಲ್ಲೀವರೆಗೆ ಇಪ್ಪತ್ತೆರಡು ವರ್ಷ ಆಯ್ತು.

ನಿಮ್ಮ ಮಿಷನ್ನೂ ಸುಳ್ಳು ಹೇಳಿಲ್ಲ, ನಾನೂ ಹೇಳಿಲ್ಲ. ಕಾಗದದಲ್ಲಿ ಆ ಸುಳ್ಳು ಅನ್ನೋದನ್ನ ಹೊಡೆದುಹಾಕಿ, ದುದ್ದ ಅಂತ ಸೇರಿಸಿ ಕಳಿಸಿ. ಸಾಲಗಾಮೆ ಅನ್ನೋದನ್ನ ಮಾತ್ರ ಅಳಿಸಬೇಡಿ. ನನ್ನನ್ನ ಆ ಊರಿನವಳು ಅಂತ ಕರೆಯೋರು ಇಲ್ಲಿ ಈಗ ಯಾರೂ ಉಳಿದಿಲ್ಲ. ನಿಮ್ಮ ಮಿಷನ್ ಒಂದೇ ಗುರುತು ಹಿಡಿದಿದ್ದು.

ಇಂತಿ,
ಸಾಲಗಾಮೆ ಚಿಕ್ಕಲಕ್ಷ್ಮಮ್ಮ